ಬೋಳು ಸ್ವರ

ಅಡಿಕೋಲು ಅಪ್ಪಯ್ಯನ ಬಲಗೈಯ ಉಂಗುರ ಬೆರಳಿನ ಗೆಣ್ಣಿಗೆ ಬಿತ್ತು. ಕ್ಲಾರಿನೆಟ್ ಕೀಚ್ ಎಂದು ನಿಂತಿತು.

"ಅಲ್ಲಾಡ್ತ್," ಎಂದೆ.

"ಎಂತ ಅಲ್ಲಾಡುದ್? ಗಟ್ಟಿ ಹಿಡ್ಕಂಡಿದ್ನಲೆ."

"ಫೋನ್ ಕಾಣಿ."

ನಮ್ಮಿಬ್ಬರ ನಡುವಿನ ಸ್ಟೂಲಿನ ಮೇಲೆ ಫೋನನ್ನು ಚೊಂಬಿಗೆ ಒರಗಿಸಿ ಇಟ್ಟಿದ್ದೆ. ಪರದೆಯ ಮೇಲೊಂದು ಮುಳ್ಳು. ಸ್ವರ ಗೆರೆ ಎಳೆದ ಹಾಗೆ ನಿಂತರೆ ಹಸಿರು, ಕೂದಲೆಳೆಯಷ್ಟು ಬಾಗಿದರೂ ಕೆಂಪು. ಅಪ್ಪಯ್ಯ ಕನ್ನಡಕ ಮೇಲೇರಿಸಿ ಮುಳ್ಳನ್ನು ನೋಡಿದರು, ಆಮೇಲೆ ತಮ್ಮ ಬೆರಳನ್ನು. ಯಾವುದು ತಪ್ಪು ಮಾಡಿತು ಎಂದು ಇನ್ನೂ ತೀರ್ಮಾನವಾಗದವರಂತೆ.

"ಮತ್ತೊಂದ್ ಸಲ. ಎಂಟ್ ಎಣಿಸುವರಿಗೆ."

ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಅಮ್ಮ ತಲೆ ಎತ್ತದೆ ಹೇಳಿದಳು, "ಮೆಲ್ಲ ಹೊಡಿಯೇ, ವಿಜೇತಾ. ಮಧ್ಯಾಹ್ನ ಗಂಜಿ ಉಂಬುದ್ ಅದೇ ಕೈಯಗೆ."

"ಹೊಡಿಲಿ ಬಿಡ್, ಜಲಜಾ," ಎಂದು ಅಪ್ಪಯ್ಯ ನಕ್ಕರು. "ನನ್ನ ಅಪ್ಪಯ್ಯ ಸ್ವರ ಅಲ್ಲಾಡದಿದ್ರೆ ಹೊಡಿತಿದ್ರ್. ಇವ್ಳ್ ಅಲ್ಲಾಡಿದ್ರೆ ಹೊಡಿತ್ಲ್. ನಂಗ್ ಎರಡೂ ಬದಿಯಂಗೂ ಪೆಟ್ಟೇ."

ನಾನು ನಗಲಿಲ್ಲ. ಅವರು ಊದಿದರು. ಐದು ಎಣಿಸುವಷ್ಟರಲ್ಲಿ ಬೆರಳು ತೂತಿನ ಮೇಲೆ ಒಂದಿಷ್ಟೇ ಜಾರಿತು. ಸ್ವರ ಪಕ್ಕದ ಸ್ವರವನ್ನು ಮುಟ್ಟಿ, ತೂಗಿ, ಮರಳಿ ಬಂತು. ಅಡಿಕೋಲು ಬಿತ್ತು.

ಅಪ್ಪಯ್ಯನಿಗೆ ಅರವತ್ತೊಂದು. ಬಸ್ರೂರಿನಲ್ಲಿ ಕುಷ್ಟ ಶೇರಿಗಾರ್ ಎಂದರೆ ದೇವಸ್ಥಾನದ ಬೆಳಗಿನ ಪೂಜೆಗೆ ಊದುವವರು ಎಂದು ಎಲ್ಲರಿಗೂ ಗೊತ್ತು. ಅಜ್ಜನ ಅಪ್ಪ ಊದಿದ್ದು ನಾಗಸ್ವರ. ಅಜ್ಜ ಎಲ್ಲಿಂದಲೋ ಒಂದು ಕ್ಲಾರಿನೆಟ್ ತಂದು, ಬೈಸಿಕೊಂಡು, ದೇವರಿಗೆ ಅದನ್ನೇ ರೂಢಿ ಮಾಡಿಸಿದರು. ಅದೇ ಕ್ಲಾರಿನೆಟ್ಟನ್ನು ಅಪ್ಪಯ್ಯ ನಲವತ್ತು ವರ್ಷ ಊದಿದ್ದಾರೆ. ಅವರ ಕೈಯಲ್ಲಿ ಯಾವ ಸ್ವರವೂ ಒಂಟಿಯಾಗಿ ನಿಲ್ಲುವುದಿಲ್ಲ. ಗಮಕವಿಲ್ಲದ, ತೂಗದ ಸ್ವರಕ್ಕೆ ಅವರದ್ದೇ ಒಂದು ಹೆಸರಿದೆ: ಬೋಳು ಸ್ವರ.

ನನಗೆ ಬೇಕಾಗಿದ್ದದ್ದು ಆ ಬೋಳು ಸ್ವರವೇ.

ನನಗೆ ಇಪ್ಪತ್ತೊಂಬತ್ತು. ಇಂಗ್ಲೆಂಡಿನ ಒಂದು ಸಂಗೀತ ಶಾಲೆ ವರ್ಷಕ್ಕೆ ಒಬ್ಬ ಹಾಡುಗಾರ್ತಿಯನ್ನು ಹೊರದೇಶದಿಂದ ಕರೆಸಿಕೊಂಡು ಕಲಿಸುತ್ತದೆ. ವಯಸ್ಸು ಮೂವತ್ತು ತುಂಬಿರಬಾರದು. ವಿಡಿಯೋ ಕಳಿಸಬೇಕು. ಅಕ್ಟೋಬರಿಗೆ ನನಗೆ ಮೂವತ್ತು ತುಂಬುತ್ತದೆ. ಬೈಂದೂರಿನ ಪಕ್ಕದ ಯಡ್ತರೆಯ ಶಾಲೆಯಲ್ಲಿ ಎರಡನೇ ಕ್ಲಾಸಿನ ಮಕ್ಕಳಿಗೆ ಪದ್ಯ ಬಾಯಿಪಾಠ ಮಾಡಿಸುತ್ತ, ಬಸ್ರೂರಿನಿಂದ ಕುಂದಾಪುರ, ಕುಂದಾಪುರದಿಂದ ಬೈಂದೂರು ಎಂದು ಎರಡು ಬಸ್ಸು ಹಿಡಿಯುತ್ತ ಮುದುಕಿಯಾಗುವುದು ನನಗೆ ಬೇಡವಾಗಿತ್ತು. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ನನ್ನಲ್ಲಿರಲಿಲ್ಲ.

ಹಾಡು ರತನ್ ಸರ್ ಅವರದ್ದು. ಸರ್ ಮುಂಬೈಯಲ್ಲಿ ಹುಟ್ಟಿದವರು, ಅಪ್ಪನ ಹೋಟೆಲಿನ ಮಹಡಿಯ ಮೇಲೆ ಬೆಳೆದವರು. ಲಂಡನ್ನಿನಲ್ಲಿ ನಾಲ್ಕು ವರ್ಷ ಸಂಗೀತ ರಚನೆ ಕಲಿತು, ಅಲ್ಲಿ ಯಾರೂ ಕೇಳುವವರಿಲ್ಲದೆ ಯಡ್ತರೆಯ ಹಳೆಯ ಮನೆಗೆ ಬಂದು ಕೂತರು. ಆ ಮನೆ ನಮ್ಮ ಶಾಲೆಯ ಬೆನ್ನಿಗೇ ಇದೆ. ಎರಡು ವರ್ಷದ ಹಿಂದೆ ಮಗ್ಗಿ ಹೇಳಿಸುತ್ತಿದ್ದಾಗ ಅವರ ಲೋಹದ ಕೊಳಲು ಕೇಳಿಸಿತು. ಸಂಜೆ ಹೋಗಿ ಬಾಗಿಲು ತಟ್ಟಿದೆ. ಹಾಡಿ ಎಂದರು. ಅಪ್ಪಯ್ಯ ಕಲಿಸಿದ್ದನ್ನು ಹಾಡಿದೆ. "ದನಿ ಲಾಯ್ಕಿತ್ತ್. ಮೇಲಿಂದು ಈ ತೂಗು ತೊಟ್ಲ್ ಎಲ್ಲ ತೆಗೂಕ್," ಎಂದರು. ತೆಗೆದರು. ಒಂದೂವರೆ ವರ್ಷ ಹಿಡಿಯಿತು. ಈಗ ನನ್ನ ಗಂಟಲಿನಿಂದ ಗಮಕ ಬರುವುದಿಲ್ಲ. ಬೇಸರವೂ ಇಲ್ಲ.

ಪದ್ಯ ವಿಕ್ಟೋರಿಯಾ ರಾಣಿಯ ಕಾಲದ್ದು. ಬರೆದವಳು ಯಾರೋ ಪಾದ್ರಿಯ ಮಗಳಂತೆ, ಹೆಸರು ಯಾರಿಗೂ ಬೇಡವಾಗಿದೆ. ಸರ್ ಅದನ್ನು ಒಂದು ಹಳೆಯ ಸಂಕಲನದಲ್ಲಿ ಕಂಡರಂತೆ. ಒಬ್ಬ ಹುಡುಗಿ ಸತ್ತುಹೋದ ಅಕ್ಕನ ಕೈಗವಸು ಹಾಕಿಕೊಂಡು ಹಿಮದಲ್ಲಿ ಇಗರ್ಜಿಗೆ ನಡೆಯುತ್ತಾಳೆ. ಐದು ಚರಣ. ಒಂದೊಂದು ಚರಣಕ್ಕೆ ಒಂದೊಂದು ಬೆರಳು ಮರಗಟ್ಟುತ್ತದೆ. ಇಗರ್ಜಿ ಬಂದಾಗ ಕೈ ಅವಳದ್ದಲ್ಲ, ಅಕ್ಕನದ್ದು. ಇದಕ್ಕೆ ಸರ್ ಒಂದು ಕಂಠ, ಒಂದು ಕೊಳಲು, ಒಂದು ಕ್ಲಾರಿನೆಟ್ ಇಟ್ಟಿದ್ದರು. ನಾನು ನಡೆಯುವವಳು, ಕೊಳಲು ಗಾಳಿ. ಕ್ಲಾರಿನೆಟ್ ಚರಣಕ್ಕೊಂದರಂತೆ ಐದೇ ಐದು ಉದ್ದ ಸ್ವರ ಹಿಡಿಯಬೇಕು. ಅದು ಚಳಿ.

"ಕೈಗವಸ್ ಅಂದ್ರೆ ಎಂತ?" ಅಮ್ಮ ಕೇಳಿದ್ದಳು. "ಸ್ಕೂಟಿ ಬಿಡು ಹೆಣ್ಮಕ್ಳ್ ಬಿಸಿಲಿಗ್ ಹಾಕ್ತ್ರಲೆ, ಅದಾ?"

"ಅದೇ ಅಂದ್ಕೊ."

"ಅದ್ನ್ ಹಾಕಂಡ್ರೂ ಚಳಿ ಆತ್ತಾ? ಮಳ್ಳ್ ಪದ್ಯ."

ಅಪ್ಪಯ್ಯನ ತಕರಾರು ಬೇರೆ. ಮೊದಲ ದಿನ ಸರ್ ಮನೆಗೆ ಬಂದು ಪದ್ಯದ ಅರ್ಥ ಹೇಳಿದಾಗ ಅವರು ಕೇಳಿದರು, "ಅಕ್ಕ ಸತ್ತದ್ದಲ್ದಾ? ಹೆಣ್ ಅಳುಕಲೆ. ಅಳುವತ್ತಿಗೆ ಸ್ವರ ಅಲ್ಲಾಡುದಿಲ್ಯಾ?"

"ಅರೆ ಶೇರಿಗಾರ್ರೆ, ಇಂಗ್ಲಿಷರ್ ಅಳುದಿಲ್ಲೆ. ಹಿಮ ಅಲ್ಲಾಡ್ತಾ? ಬಿಲ್ಕುಲ್ ಇಲ್ಲೆ. ನಿಮ್ಮ ಸ್ವರ ಹಾಂಗೇ ಸತ್ತ್ ಬಿದ್ಕಂಡಿರ್ಕ್."

"ಸತ್ತ್ ಬಿದ್ಕಂಡಿಪ್ಪುದನ್ನ ನಾ ಈ ವರೆಗೆ ಊದ್ಲಿಲ್ಲೆ," ಎಂದರು ಅಪ್ಪಯ್ಯ. ನನ್ನ ಮುಖ ನೋಡಿದರು. "ಕಾಂಬ. ಹೆಣ್ ಹೋಪುಕೆ ಬೇಕಾರೆ ಕಲಿಯುವ."

ಅವರು ಒಪ್ಪಿದ್ದು ನನಗಾಗಿ. ಅದನ್ನು ನಾನು ಚೆನ್ನಾಗಿ ಬಳಸಿಕೊಂಡೆ.

ಮೂರು ವಾರವಾದರೂ ಮುಳ್ಳು ಕೆಂಪೇ. ಸಂಜೆ ನಾನು ತಿದ್ದಿದ್ದು ಮಾರನೆಯ ಬೆಳಿಗ್ಗೆ ದೇವಸ್ಥಾನದಲ್ಲಿ ಹಾಳಾಗುತ್ತಿತ್ತು. ಪೂಜೆ ಮುಗಿಸಿ ಬಂದರೆ ಬೆರಳುಗಳು ಮತ್ತೆ ತೂಗುತ್ತಿದ್ದವು. ಸರ್ ಹೇಳಿದರು, "ಗುಟ್ಕಾ ಬಿಡಿಸೂದು ಮತ್ತೆ ಇದ್ ಒಂದೇ. ದಿನಾ ಬೆಳಿಗ್ಗೆ ಒಂದೊಂದ್ ಪ್ಯಾಕೆಟ್ ಕೊಟ್ಟ್ರೆ ಬಿಡ್ತ್ರಾ?"

ಹಾಗಾಗಿ ಒಂದು ಸೋಮವಾರ ಪೂಜೆ ಮುಗಿದ ಮೇಲೆ ಅಪ್ಪಯ್ಯನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ದೇವಸ್ಥಾನದ ಮೊಕ್ತೇಸರ ಗೋವರ್ಧನರ ಹತ್ತಿರ ಮಾತಾಡಿದೆ. ಅಪ್ಪಯ್ಯನಿಗೆ ಎದೆ ನೋವು, ನಲವತ್ತೆಂಟು ದಿನ ಊದಬಾರದು ಎಂದು ಡಾಕ್ಟರ್ ಹೇಳಿದ್ದಾರೆ ಎಂದೆ. ಹೀಗೆ ಹೇಳುತ್ತೇನೆ ಎಂದು ಅಪ್ಪಯ್ಯನಿಗೆ ಮೊದಲು ತಿಳಿಸಿರಲಿಲ್ಲ. ತಿಳಿಸಿದ್ದರೆ ಅವರು ನಿಲ್ಲುತ್ತಿರಲಿಲ್ಲ.

"ಹೌದಾ ಕುಷ್ಟಣ್ಣ? ನಂಗ್ ಹೇಳ್ಲೇ ಇಲ್ಲ್ಯಲೆ ನೀವ್," ಎಂದರು ಗೋವರ್ಧನರು.

ದೇವರ ಎದುರು ನಿಂತು ಅಪ್ಪಯ್ಯ ಬಾಯಿ ತೆರೆದರು. ನಾನು ಅವರ ಮೊಣಕೈ ಹಿಂಡಿದೆ. ಬಾಯಿ ಮುಚ್ಚಿಕೊಂಡರು. ಎದೆಯ ಮೇಲೆ ಕೈ ಇಟ್ಟುಕೊಂಡರು. ನಾನು ಹೇಳಿರಲಿಲ್ಲ, ಅವರಾಗಿಯೇ ಇಟ್ಟುಕೊಂಡರು.

ಬದಲಿಗೆ ಊದಲು ಅತ್ತೆಯ ಮಗ ಕಿಟ್ಟನನ್ನು ಗೊತ್ತು ಮಾಡಿದ್ದಾಯಿತು. ಕಿಟ್ಟ ಮದುವೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಊದುತ್ತಾನೆ, ವಾರಕ್ಕೊಂದು ಬಣ್ಣದ ಜುಬ್ಬಾ ಹೊಲಿಸುತ್ತಾನೆ. ಎರಡೇ ವಾರದಲ್ಲಿ ಬೆಳಗಿನ ಪೂಜೆಗೆ ಹುಡುಗಿಯರು ಬರತೊಡಗಿದರು. ಮಂಗಳಾರತಿಗೆ ಅವನು ಸಿನಿಮಾ ಹಾಡುಗಳನ್ನು ಭಕ್ತಿಯಿಂದ ಊದುತ್ತಿದ್ದ. ನಮ್ಮ ಮನೆಗೂ ಕೇಳಿಸುತ್ತಿತ್ತು. ಅಪ್ಪಯ್ಯ ಆ ಹೊತ್ತಿಗೆ ಬಾವಿಕಟ್ಟೆಗೆ ಹೋಗಿ ಬೇಕಿಲ್ಲದಿದ್ದರೂ ನೀರು ಸೇದುತ್ತಿದ್ದರು.

ಅಡಿಕೋಲು ಕೆಲಸ ಮಾಡಿತು. ಅಡಿಕೋಲಿಗಿಂತ ಹೆಚ್ಚು ನನ್ನ ನಾಲಿಗೆ. ಸ್ವರ ಬಾಗಿದಾಗಲೆಲ್ಲ, "ಆಯ್ತ್, ನಾನ್ ಯಡ್ತರೆ ಮಕ್ಳ ಮೂಗ್ ಒರಸ್ತಾ ಸಾಯ್ತೆ. ನಿಮ್ಗ್ ಅದೇ ಬೇಕಲ್ದಾ?" ಎನ್ನುತ್ತಿದ್ದೆ. ಒಂದು ದಿನ ಅವರ ಬೆರಳುಗಳಿಗೆ ಪ್ಲಾಸ್ಟರ್ ಸುತ್ತಿದೆ, ಜಾರದಿರಲೆಂದು. ಇನ್ನೊಂದು ದಿನ ಬೆಳಗ್ಗಿನಿಂದ ಒಂದೇ ಸ್ವರ. ಮಧ್ಯಾಹ್ನದ ಹೊತ್ತಿಗೆ ಕೆಳತುಟಿ ಒಡೆದು ರಕ್ತ ಬಂತು. ಒರೆಸಿಕೊಂಡು, "ಅಲ್ಲಾಡ್ಲಿಲ್ಲ್ಯಲೆ ಮಗಾ?" ಎಂದು ಕೇಳಿದರು. ಮುಳ್ಳು ಹಸಿರಿನಲ್ಲಿ ನಿಂತಿತ್ತು. ಮೂವತ್ತು ಎಣಿಸಿದರೂ ಕದಲಲಿಲ್ಲ. ನಾನು ಸಂತೋಷದಿಂದ ಎದ್ದು ಸರ್‌ಗೆ ಫೋನ್ ಮಾಡಲು ಅಂಗಳಕ್ಕೆ ಓಡಿದೆ.

ರೆಕಾರ್ಡಿಂಗ್ ಆದದ್ದು ಮೇ ತಿಂಗಳಲ್ಲಿ, ಬ್ರಹ್ಮಾವರದ ಒಂದು ಸ್ಟುಡಿಯೋದಲ್ಲಿ. ಸದ್ದು ಬರುತ್ತದೆಂದು ಫ್ಯಾನ್ ನಿಲ್ಲಿಸಿದ್ದರು. ಕಂಬಳಿ ಹೊಡೆದ ಗೋಡೆಗಳ ನಡುವೆ ಬೆವರು ಸುರಿಸುತ್ತ ನಾನು ಹಿಮದ ಬಗ್ಗೆ ಹಾಡಿದೆ. ಅಪ್ಪಯ್ಯನ ಅಂಗಿ ಬೆನ್ನಿಗೆ ಅಂಟಿತ್ತು. ಐದೂ ಸ್ವರಗಳು ಐದು ಕಬ್ಬಿಣದ ಸರಳುಗಳಂತೆ ಬಂದವು. ಒಂದರ ಮೈಯಲ್ಲೂ ಜೀವವಿರಲಿಲ್ಲ. ಕಿವಿಯಿಂದ ಹೆಡ್‌ಫೋನ್ ತೆಗೆದು ಸರ್ ಹೆಬ್ಬೆರಳು ತೋರಿಸಿದರು.

"ಮುಗಿತಾ?" ಅಪ್ಪಯ್ಯ ಕೇಳಿದರು. "ಇನ್ನ್ ಅಲ್ಲಾಡ್ಸುಕ್ ಅಡ್ಡಿಲ್ಯಾ?"

ಸ್ಟುಡಿಯೋದವರೆಲ್ಲ ನಕ್ಕರು. ನಾನೂ ನಕ್ಕೆ.

ವಿಡಿಯೋದ ಕೊನೆಯಲ್ಲಿ ನನ್ನ ಹೆಸರಿತ್ತು, ಸರ್ ಹೆಸರು ಎರಡು ಕಡೆ ಇತ್ತು. ಕ್ಲಾರಿನೆಟ್ಟಿನ ಎದುರು 'ಸ್ಥಳೀಯ ವಾದಕ' ಎಂದಿತ್ತು. ಅಪ್ಪಯ್ಯನಿಗೆ ಇಂಗ್ಲಿಷ್ ಓದಲು ಬರುತ್ತದೆ. ಓದಿದರು.

ನಲವತ್ತೆಂಟು ದಿನ ಮುಗಿದ ಮಾರನೆಯ ಬೆಳಿಗ್ಗೆ ಅವರು ಮಡಿ ಪಂಚೆ ಉಟ್ಟು ದೇವಸ್ಥಾನಕ್ಕೆ ಹೊರಟರು. "ಬಾ ಮಗಾ," ಎಂದು ಕರೆದರು. ಹೋದೆ. ಭೂಪಾಳ ಎತ್ತಿಕೊಂಡರು, ದೇವರನ್ನು ಎಬ್ಬಿಸುವ ರಾಗ. ಹುಟ್ಟಿದಂದಿನಿಂದ ಕೇಳಿದ್ದು. ಒಂದೊಂದು ಸ್ವರವೂ ಸರಿಯಾದ ಜಾಗದಲ್ಲಿ ಬಂದು ನೆಟ್ಟಗೆ ನಿಂತಿತು. ನಿಂತದ್ದು ಅಲ್ಲಿಂದ ಕದಲಲಿಲ್ಲ. ಅಪ್ಪಯ್ಯನ ಕಣ್ಣುಗಳು ಅಗಲವಾದವು. ಬೆರಳನ್ನು ಜಾರಿಸಲು ನೋಡಿದರು. ಬೆರಳು ಪೆಟ್ಟು ಬೀಳುವುದನ್ನು ಕಾಯುವ ಹಾಗೆ ಸೆಟೆದು ನಿಂತಿತು. ಮತ್ತೆ ಮೊದಲಿನಿಂದ ಎತ್ತಿಕೊಂಡರು. ಮತ್ತೆ ಅದೇ.

ಕಂಬಕ್ಕೆ ಒರಗಿ ನಿಂತಿದ್ದ ಕಿಟ್ಟ, "ಮಾವಾ, ಎಂತ ಇದ್? ಬೈಂದೂರ್ ಸ್ಟೇಷನಿಗೆ ರೈಲ್ ಬಂದಂಗ್ ಆಯ್ತಲೆ," ಎಂದ. ಹೂ ಕಟ್ಟುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಯಾರೋ ಹಿಂದಿನಿಂದ, "ಹ್ವಾಯ್, ಯಾವ ರೈಲ್? ಮತ್ಸ್ಯಗಂಧವಾ?" ಎಂದು ಕೂಗಿದರು.

ಪೂಜೆ ಮುಗಿದ ಮೇಲೆ ಗೋವರ್ಧನರು ಬಂದು ಅಪ್ಪಯ್ಯನ ಭುಜದ ಮೇಲೆ ಕೈ ಇಟ್ಟರು. ಒಳ್ಳೆಯ ಮನುಷ್ಯ. "ಕುಷ್ಟಣ್ಣ, ಎದಿ ಗಟ್ಟಿ ಇಲ್ಲೆ ನಿಮ್ದ್. ಉಸ್ರೇ ತಿರ್ಗುದಿಲ್ಲೆ ಕಾಣಿ. ಇನ್ನ್ ಕಿಟ್ಟ ಊದ್ಲಿ. ನೀವ್ ದಿನಾ ಬಂದ್ ಕೂಕಂಡ್ ಪ್ರಸಾದ ತಕಂಡ್ ಹೋಯ್ನಿ. ದೇವ್ರ್ ನಿಮ್ಮನ್ನ್ ಬಿಡುದಿಲ್ಲೆ."

ತಮ್ಮ ಎದೆಯಲ್ಲಿ ಏನೂ ತೊಂದರೆಯಿಲ್ಲ ಎಂದು ಅಪ್ಪಯ್ಯ ಹೇಳಬಹುದಿತ್ತು. ಹೇಳಿದರೆ ದೇವರ ಎದುರು ಸುಳ್ಳು ಹೇಳಿದವಳು ನಾನಾಗುತ್ತಿದ್ದೆ. ಹೇಳಲಿಲ್ಲ. ದಾರಿಯಲ್ಲಿ ನಾನೇ ಮಾತು ತೆಗೆದೆ.

"ಬಿಡಿ ಅಪ್ಪಯ್ಯ. ನಲವತ್ ವರ್ಷ ಊದಿದ್ರಿ. ದೇವ್ರಿಗೂ ಬೇಜಾರ್ ಬಂದಿರತ್ತ್."

ಅವರು ಚಪ್ಪಲಿಯ ಮಣ್ಣು ಕೊಡವಿಕೊಂಡು ಮುಂದೆ ನಡೆದರು. ಆ ಮಾತು ಇವತ್ತಿಗೂ ನನಗೆ ಅಕ್ಷರ ಅಕ್ಷರ ನೆನಪಿದೆ. ಹೇಳುವಾಗ ತಮಾಷೆ ಎಂದುಕೊಂಡಿದ್ದೆ.

ಸೆಪ್ಟೆಂಬರ್ ಮೊದಲ ವಾರ ಇಂಗ್ಲೆಂಡಿನಿಂದ ಉತ್ತರ ಬಂತು. ಕೊನೆಯ ಇಬ್ಬರಲ್ಲಿ ನಾನೊಬ್ಬಳು. ದನಿ ಅವರಿಗೆ ಬಹಳ ಹಿಡಿಸಿತ್ತು. ಆದರೆ ಈ ಕ್ಲಾರಿನೆಟ್ ನಮ್ಮ ಬೀದಿಯ ಯಾರದ್ದಾದರೂ ಆಗಬಹುದಿತ್ತಲ್ಲ, ಎಂದು ಬರೆದಿದ್ದರು. ನೀವು ಅಷ್ಟು ದೂರದಲ್ಲಿದ್ದೀರಿ, ನಿಮ್ಮ ಕಡೆಯ ವಾದಕರು ಸ್ವರವನ್ನು ತೂಗುತ್ತಾರೆಂದು ಕೇಳಿದ್ದೇವೆ. ಅದು ಎಲ್ಲಿ ಹೋಯಿತು? ಕಂಠ ನೆಟ್ಟಗಿರಲಿ, ವಾದ್ಯ ಅಳಲಿ. ತಿಂಗಳ ಕೊನೆಯೊಳಗೆ ಹಾಗೆ ಮಾಡಿ ಕಳಿಸಿದರೆ ನಿಮ್ಮನ್ನೇ ಆರಿಸುವ ಮನಸ್ಸಿದೆ.

ಸರ್ ಅದನ್ನು ಎರಡು ಸಲ ಓದಿ ಹೇಳಿದರು, "ನಂಗೂ ಮೊದ್ಲಿಂದ ಹಾಂಗೇ ಅನ್ಸ್ತಿತ್ತ್."

ಬೇರೆ ವಾದಕರನ್ನು ಹುಡುಕಿದೆವು. ಅಪ್ಪಯ್ಯನ ಹತ್ತಿರ ಕೇಳುವ ಮುಖ ನನಗಿರಲಿಲ್ಲ ಎಂದಲ್ಲ. ಅವರಿಂದ ಆಗದು ಎಂದುಕೊಂಡಿದ್ದೆ. ಬೈಂದೂರಿನಿಂದ ಬ್ರಹ್ಮಾವರದ ತನಕ ಸ್ಯಾಕ್ಸೊಫೋನಿನವರು ಮೂವತ್ತು ಮಂದಿ ಸಿಕ್ಕರು. ಹಳೆಯ ಪದ್ಧತಿಯಲ್ಲಿ ಕ್ಲಾರಿನೆಟ್ ಊದುವವನು ಒಬ್ಬನೇ, ಕೊಕ್ಕರ್ಣೆಯಲ್ಲಿ. ಹೋಗಿ ಕಂಡೆವು. ಅವನ ಬಾಯಲ್ಲಿ ಹಲ್ಲಿರಲಿಲ್ಲ.

ಆ ಸಂಜೆ ಬಸ್ಸಿಳಿದು ಮನೆಗೆ ನಡೆಯುವಾಗ ಹೊಳೆಯ ಕಡೆಯಿಂದ ಕ್ಲಾರಿನೆಟ್ ಕೇಳಿಸಿತು. ನಾಲ್ಕು ತಿಂಗಳಿಂದ ಅಪ್ಪಯ್ಯ ಮಧ್ಯಾಹ್ನದ ಮೇಲೆ ಅಲ್ಲಿಗೆ ಹೋಗುತ್ತಾರೆಂದು ಅಮ್ಮ ಹೇಳಿದ್ದಳು. ಮಕ್ಕಳ ಪಾಠದಿಂದ ಮತ್ತೆ ಶುರು ಮಾಡಿದ್ದರಂತೆ, ಸರಿಗಮದಿಂದ. ತೆಂಗಿನ ಮರದ ಹಿಂದೆ ನಿಂತು ಕೇಳಿದೆ. ರಿಷಭ ಎದ್ದು, ಗಾಂಧಾರದ ಅಂಚನ್ನು ಮುಟ್ಟಿ, ಒಮ್ಮೆ ತೂಗಿ, ಮೆಲ್ಲನೆ ಕೆಳಗಿಳಿಯಿತು. ಬಂದಿದೆ. ಎಲ್ಲವೂ ಮರಳಿ ಬಂದಿದೆ.

ಅಪ್ಪಯ್ಯನಿಗೆ ಒಳ್ಳೆಯದಾಯಿತು ಎಂದು ನನಗೆ ಅನಿಸಲಿಲ್ಲ. ಇನ್ನೂ ಹದಿನೇಳು ದಿನ ಇದೆ, ಸಾಕು ಎಂದು ಅನಿಸಿತು.

ಭಾನುವಾರ ಬೆಳಿಗ್ಗೆ ಸರ್ ಬಂದರು. ಹಣ್ಣು, ಸಿಹಿ, ಒಂದು ಶಾಲು, ಪೆಟ್ಟಿಗೆಯೊಳಗೆ ಹೊಸ ಕ್ಲಾರಿನೆಟ್. ಅಮ್ಮ ಚಾ ತಂದಿಟ್ಟಳು. ಸರ್ ಕುರ್ಚಿ ಬಿಟ್ಟು ಚಾಪೆಯ ಮೇಲೆ ಕೂತರು, ಮೊದಲ ಸಲ.

"ಶೇರಿಗಾರ್ರೆ, ನಾವ್ ತಪ್ಪ್ ಮಾಡಿದ್ದ್. ಖರೇ ಹೇಳ್ತೆ. ಈ ಸಲ ನಿಮ್ಗ್ ಹ್ಯಾಂಗ್ ಕಾಂತೋ ಹಾಂಗ್ ಊದಿ. ನಿಮ್ಮ ಹೆಸ್ರ್ ಮೊದ್ಲ್ ಹಾಕ್ತೆ, ನನ್ನ್ ಹೆಸ್ರ್ ಮತ್ತೆ. ವಿಜೇತಾ ಹೋಪತ್ತಿಗೆ ನೀವೂ ಹೋಪುಕಾತ್ತ್, ಅಲ್ಲಿ ಮಕ್ಕಳಿಗ್ ತೋರ್ಸುಕೆ. ಅವ್ರೇ ಬರ್ದಿದ್ರ್. ದೇವಸ್ಥಾನಕ್ಕ್ ನಾನೇ ಬಂದ್ ಮಾತಾಡ್ತೆ, ನಿಮ್ಮ ಎದಿ ಸಮಾ ಇತ್ತ್ ಅಂದೇಳಿ."

ಅಪ್ಪಯ್ಯ ಹೊಸ ಕ್ಲಾರಿನೆಟ್ಟನ್ನು ಮುಟ್ಟಲಿಲ್ಲ. ಒಳಗೆ ಹೋಗಿ ತಮ್ಮದನ್ನೇ ತಂದರು. ಊದುವ ತುದಿಯ ರೀಡನ್ನು ನಾಲಿಗೆಯಲ್ಲಿ ಒದ್ದೆ ಮಾಡಿಕೊಂಡು, "ಮೊದ್ಲಿಂದ್ ಚರಣ ಹೇಳ್, ಮಗಾ," ಎಂದರು.

ನಾನು ಹಾಡಿದೆ, ನೆಟ್ಟಗೆ. ಅದರ ಕೆಳಗೆ ಅವರ ಸ್ವರ ಬಂತು. ಹಿಮದಲ್ಲಿ ನಡೆಯುವ ಹುಡುಗಿಯ ಕಿರುಬೆರಳು ಮರಗಟ್ಟುವ ಜಾಗದಲ್ಲಿ ಸ್ವರ ಒಮ್ಮೆ ನಡುಗಿ, ಮೇಲಿನದ್ದನ್ನು ಹಿಡಿಯಲು ಹೋಗಿ, ಸಿಗದೆ, ಇದ್ದಲ್ಲಿಗೆ ಬಂದು ಕೂತಿತು. ಮೊದಲ ಬಾರಿಗೆ ಆ ಪದ್ಯದಲ್ಲಿ ಯಾರೋ ಸತ್ತಿದ್ದಾರೆ ಎಂದು ನನಗೆ ತಿಳಿಯಿತು. ಹಾಡು ನಿಲ್ಲಿಸಿದೆ. ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಸರ್ ತಮ್ಮ ಕೈಯ ನಿಮಿರಿದ ರೋಮವನ್ನು ನನಗೆ ತೋರಿಸುತ್ತಿದ್ದರು. "ಇದೇ. ಇದೇ ಬೇಕಾದ್ದ್."

ಅಪ್ಪಯ್ಯ ಕ್ಲಾರಿನೆಟ್ಟನ್ನು ಬಿಚ್ಚಿ, ತುಂಡು ತುಂಡಾಗಿ ಒರೆಸಿ, ಒಂದೊಂದನ್ನೇ ಬಟ್ಟೆಯಲ್ಲಿ ಸುತ್ತತೊಡಗಿದರು.

"ಈ ತಿಂಗ್ಳ್ ಕಳಿಸ್ದಿದ್ರೆ ಮುಂದಿನ್ ವರ್ಷ ಕಳ್ಸುಕ್ ಆತಿಲ್ಲ್ಯಾ?" ಎಂದು ಕೇಳಿದರು.

"ಇಲ್ಲೆ ಅಪ್ಪಯ್ಯ. ನಂಗ್ ಮೂವತ್ ತುಂಬತ್ತ್. ಇದೇ ಕೊನಿ."

"ಕಿಟ್ಟ ಊದ್ರೆ ಆತಿಲ್ಲ್ಯಾ?"

"ಅವ್ನಿಂದ ಆತಿಲ್ಲೆ," ಎಂದರು ಸರ್. "ಎಲ್ಲಾ ಬದಿ ಹುಡ್ಕಿ ಬಂದಾಯ್ತ್. ನಿಮ್ಮನ್ನ್ ಬಿಟ್ಟ್ರೆ ಯಾರೂ ಇಲ್ಲೆ."

"ಸಮಾ ಹುಡ್ಕಿದ್ರ್ಯಾ?"

"ಸಮಾ ಹುಡ್ಕಿತ್ತ್."

ಅಪ್ಪಯ್ಯ ನನ್ನ ಕಡೆ ತಿರುಗಿದರು. ಮುಖದಲ್ಲಿ ಕೋಪವಿರಲಿಲ್ಲ. ಅದನ್ನು ನಾನು ಬಹಳ ಹುಡುಕಿದೆ.

"ಅಂದ್ರೆ ನಾ ಊದದಿದ್ರೆ ನೀ ಹೋಪುದಿಲ್ಲೆ. ಹೌದಾ?"

"ಹೌದ್ ಅಪ್ಪಯ್ಯ," ಎಂದೆ. ಅವರ ಪಾದದ ಹತ್ತಿರ ಕೂತುಬಿಟ್ಟಿದ್ದೆ. "ನಿಮ್ಮ ಕಾಲಿಗ್ ಬೀಳ್ತೆ."

ಅಪ್ಪಯ್ಯ ಬಲಗೈಯ ಉಂಗುರ ಬೆರಳಿನ ಗೆಣ್ಣನ್ನು ಸವರಿಕೊಂಡರು. "ಹಾಂಗಾರೆ ಊದುದಿಲ್ಲೆ," ಎಂದರು.